ಅಡುಗೆಮನೆ ಇಲ್ಲ, ಫ್ರಿಜ್ಜೂ ಇಲ್ಲ: ಟೂರಿನಲ್ಲಿ ಊಟಕ್ಕೆ ಯಾವ ದಾರಿ ಹಿಡಿಯೋದು?

ದಸರಾ ರಜೆ ಹತ್ತಿರ ಬಂದರೆ ಸಾಕು, ನೆಂಟರು, ಸ್ನೇಹಿತರು ಎಲ್ಲರದೂ ಒಂದೇ ಪ್ರಶ್ನೆ. "ರೂಮ್ ಬುಕ್ ಆಯ್ತು, ಗಾಡಿನೂ ಆಯ್ತು. ಊಟಕ್ಕೆ ಏನ್ ಮಾಡೋದು? ಬುತ್ತಿ ಕಟ್ಕೊಂಡು ಹೋಗೋದಾ? ಹೋಟೆಲ್ಲಾ? ದೇವಸ್ಥಾನದ ಊಟಾನಾ? ಕೆಟಲ್ ಇಟ್ಕೊಂಡ್ರೆ ಹೆಂಗೆ?"

ಕೇಳುವವರೆಲ್ಲ ನಮ್ಮಂಥವರೇ. ಉಳಿಯುವುದು ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜಿನಲ್ಲಿ. ಎರಡು ಮಂಚ, ಒಂದು ಫ್ಯಾನ್, ಗೋಡೆಗೊಂದು ಕನ್ನಡಿ, ಇರುವ ಒಂದೇ ಪ್ಲಗ್ ಪಾಯಿಂಟ್ ಟಿವಿ ಹಿಂದೆ. ಅಡುಗೆಮನೆಯ ಮಾತೇ ಇಲ್ಲ. ಫ್ರಿಜ್ ಬೇಕು ಅಂದರೆ ರಿಸೆಪ್ಷನ್ ಹುಡುಗ ನಗುತ್ತಾನೆ.

ನಾವು ಐದು ಜನ. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಶುಗರ್ ಇರುವ ನಮ್ಮತ್ತೆ. ವರ್ಷಕ್ಕೊಂದು ಸಲ ಐದು ದಿನದ ಟೂರು. ಒಂದು ವರ್ಷ ಹಂಪಿ–ಬಾದಾಮಿ ಕಡೆಗಾದರೆ ಇನ್ನೊಂದು ವರ್ಷ ಧರ್ಮಸ್ಥಳ–ಹೊರನಾಡು–ಶೃಂಗೇರಿ ಕಡೆಗೆ. ಖರ್ಚನ್ನೆಲ್ಲ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವ ಚಟ ನನಗೆ. ಹಳೇ ಪುಟ ತಿರುವಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹೊತ್ತಿಗೆ ಸರಿಯಾಗಿ ಉಂಡ ಊಟಕ್ಕೆ ನಾವು ಯಾವತ್ತೂ ಜಾಸ್ತಿ ಕೊಟ್ಟಿಲ್ಲ. ದುಡ್ಡು ಸೋರಿರುವುದೆಲ್ಲ ಹೊತ್ತು ಮೀರಿದ ಮೇಲೆ. ಮಧ್ಯಾಹ್ನ ಎರಡೂವರೆಗೆ ಬಿಸಿಲಲ್ಲಿ ನಡೆದು ಸುಸ್ತಾಗಿ, ಮಕ್ಕಳು ರಾಗ ಎಳೆಯುವಾಗ ಕಣ್ಣಿಗೆ ಬಿದ್ದ ಮೊದಲ ಹೋಟೆಲಿಗೆ ನುಗ್ಗಿರುತ್ತೇವಲ್ಲ, ಅಲ್ಲಿ. ಹಾಗಾಗಿ ಯಾವುದು ಅಗ್ಗ ಅಂತ ನೋಡುವಾಗ ಒಂದೊಂದು ಹೊತ್ತನ್ನೂ ಬೇರೆ ಬೇರೆಯಾಗಿ ನೋಡಿ. ಐದೂ ದಿನಕ್ಕೆ ಒಂದೇ ದಾರಿ ಅಂತ ಹಟ ಹಿಡಿದರೆ ಯಾವ ದಾರಿಯೂ ಅಗ್ಗವಾಗುವುದಿಲ್ಲ.

ಮೊದಲು ಏನೇನು ಯೋಚಿಸಬೇಕು

ಮೊದಲನೆಯದು ದುಡ್ಡು. ಬರೀ ಊಟದ ಬಿಲ್ ಹಿಡಿದರೆ ಲೆಕ್ಕ ತಪ್ಪುತ್ತದೆ. ನೀರಿನ ಬಾಟಲು, ಟೀ, ಎಳನೀರು, ಚಿಪ್ಸ್ ಪ್ಯಾಕೆಟ್ಟು ಎಲ್ಲ ಸೇರಿ ದಿನಕ್ಕೆ ಎಷ್ಟಾಯಿತು ಅಂತ ನೋಡಬೇಕು.

ಎರಡನೆಯದು, ತಿನ್ನುವ ವಸ್ತು ಎಷ್ಟು ಹೊತ್ತು ಕೆಡದೆ ಇರುತ್ತದೆ ಅನ್ನುವುದು. ಫ್ರಿಜ್ ಇಲ್ಲದ ಮೇಲೆ ಇದೇ ಮುಖ್ಯ. ಬೇಯಿಸಿದ ಪದಾರ್ಥ 5 ಡಿಗ್ರಿಗಿಂತ ತಣ್ಣಗಿರಬೇಕು, ಇಲ್ಲಾ 60 ಡಿಗ್ರಿಗಿಂತ ಬಿಸಿ ಇರಬೇಕು. ನಡುವೆ ಉಳಿದರೆ ರೋಗಾಣುಗಳು ಬೇಗ ಬೆಳೆಯುತ್ತವೆ. ನಮ್ಮ ಬ್ಯಾಗಿನಲ್ಲಿರುವ ಡಬ್ಬಿ ಇಡೀ ದಿನ ಆ ನಡುವೆಯೇ ಇರುತ್ತದೆ. ಅದರಲ್ಲೂ ಅನ್ನದ ವಿಷಯದಲ್ಲಿ ಹುಷಾರು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗೆ ಗಂಟೆಗಟ್ಟಲೆ ಇಟ್ಟರೆ ಅದು ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಮೂರನೆಯದು ಸಮಯ. ಕೆಲವು ಊಟ ದುಡ್ಡು ಕೇಳುವುದಿಲ್ಲ, ಆದರೆ ಎರಡು ಗಂಟೆ ಕೇಳುತ್ತದೆ. ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ನೋಡಬೇಕು ಅನ್ನುವವರಿಗೆ ಅದು ದುಬಾರಿಯೇ.

ಉಳಿದದ್ದು ಎರಡು: ಜೊತೆಗೆ ಯಾರಿದ್ದಾರೆ, ಹೋಗುತ್ತಿರುವ ದಾರಿ ಯಾವುದು. ಕಾಲೇಜು ಹುಡುಗರಿಗೆ ನಡೆಯುವುದು ಶುಗರ್ ಮಾತ್ರೆ ನುಂಗುವವರಿಗೆ ನಡೆಯುವುದಿಲ್ಲ. ಕರಾವಳಿ–ಮಲೆನಾಡಿನ ದೇವಸ್ಥಾನದ ದಾರಿಯಲ್ಲಿ ಸಿಗುವ ಸವಲತ್ತು ಬಾಗಲಕೋಟೆಯ ಬಯಲಲ್ಲಿ ಸಿಗುವುದಿಲ್ಲ. ಅಲ್ಲಿ ಸಿಗುವ ರೊಟ್ಟಿ ಇಲ್ಲಿ ಸಿಗುವುದಿಲ್ಲ.

ಮನೆಯ ಬುತ್ತಿ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಎಲ್ಲರೂ ಎಡವುವುದೂ ಇಲ್ಲೇ.

ನಮ್ಮದೇ ಕಥೆ ಹೇಳುತ್ತೇನೆ. ಮೊದಲ ಸಲ ಹಂಪಿಗೆ ಹೋದಾಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಐದು ಜನಕ್ಕಾಗುವಷ್ಟು ಮಾವಿನಕಾಯಿ ಚಿತ್ರಾನ್ನ ಮಾಡಿದ್ದೆ. ಮೇಲೆ ಧಾರಾಳವಾಗಿ ಹಸಿ ಕಾಯಿತುರಿ. ಬಿಸಿ ಬಿಸಿಯಾಗಿಯೇ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ ಮುಚ್ಚಳ ಬಿಗಿದೆ. ಏಪ್ರಿಲ್ ತಿಂಗಳು, ಡಬ್ಬಿ ಕಾರಿನ ಡಿಕ್ಕಿಯಲ್ಲಿ. ಮಧ್ಯಾಹ್ನ ಎರಡಕ್ಕೆ ಹೊಸಪೇಟೆ ಹತ್ತಿರ ಮರದ ನೆರಳಲ್ಲಿ ಮುಚ್ಚಳ ತೆಗೆದರೆ ಹುಳಿ ವಾಸನೆ. ಬೆರಳಲ್ಲಿ ಎತ್ತಿದರೆ ಅಗುಳು ಲೋಳೆ ಲೋಳೆ. ನಮ್ಮತ್ತೆ ಒಂದೇ ಮಾತು ಹೇಳಿದರು: "ಕಾಯಿ ಹಾಕಿ ಕಟ್ಟಿದ್ಯಲ್ಲಮ್ಮಾ." ಹಸಿ ಕಾಯಿ, ಹಸಿ ಈರುಳ್ಳಿ, ನೀರಿನ ಪಸೆ, ಆರದ ಅನ್ನ. ಬುತ್ತಿ ಹಳಸುವುದಕ್ಕೆ ಇಷ್ಟು ಸಾಕು.

ಆಮೇಲೆ ಬುತ್ತಿಯನ್ನು ಎರಡು ಭಾಗ ಮಾಡಿಕೊಂಡೆ. ಒಂದು, ಹೊರಟ ದಿನವೇ ಮುಗಿಸುವಂಥದ್ದು. ಇನ್ನೊಂದು, ಐದು ದಿನವೂ ಬ್ಯಾಗಿನಲ್ಲಿ ಕೂರುವಂಥದ್ದು.

ಮೊದಲನೆಯದಕ್ಕೆ ಚಪಾತಿ ಒಳ್ಳೆಯದು. ಹಿಟ್ಟಿಗೆ ಎಣ್ಣೆ ಸ್ವಲ್ಪ ಮುಂದಾಗಿ ಹಾಕಿ ಕಲಸಿ, ಬೇಯಿಸಿದ ಮೇಲೆ ಪೂರ್ತಿ ಆರಲು ಬಿಟ್ಟು ಬಟ್ಟೆಯಲ್ಲಿ ಸುತ್ತಿದರೆ ರಾತ್ರಿಯವರೆಗೂ ಮೆತ್ತಗಿರುತ್ತದೆ. ಜೊತೆಗೆ ನೀರಿಲ್ಲದ ಆಲೂಗಡ್ಡೆ ಪಲ್ಯವನ್ನು ಮಧ್ಯಾಹ್ನಕ್ಕೆ ಮುಗಿಸಿ, ರಾತ್ರಿಗೆ ಉಪ್ಪಿನಕಾಯಿಯೋ ಚಟ್ನಿ ಪುಡಿಯೋ ಸಾಕು. ಮೊಸರನ್ನ ಬೇಕೇ ಬೇಕು ಅನ್ನುವವರಿಗೆ ಹಳೇ ಉಪಾಯ ಗೊತ್ತೇ ಇದೆ: ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಜಾಸ್ತಿ, ಮೊಸರು ಒಂದೇ ಚಮಚ. ದಾರಿಯಲ್ಲಿ ಅದಷ್ಟಕ್ಕೆ ಅದೇ ಹೆಪ್ಪಾಗುತ್ತದೆ, ಮಧ್ಯಾಹ್ನಕ್ಕೆ ಹುಳಿ ಇರುವುದಿಲ್ಲ. ಆದರೆ ಅದು ಮಧ್ಯಾಹ್ನಕ್ಕೆ ಮಾತ್ರ. ಉಳಿದರೆ ಸಂಜೆಗೆ ಅಂತ ಇಡಬೇಡಿ.

ಎರಡನೆಯ ಭಾಗವೇ ನಿಜವಾಗಿ ದುಡ್ಡು ಉಳಿಸುವುದು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಅಗಸಿ ಚಟ್ನಿ, ಗುರೆಳ್ಳು ಪುಡಿ. ಇವುಗಳಲ್ಲಿ ನೀರಿನ ಅಂಶ ತೀರಾ ಕಡಿಮೆ, ಬೇಗ ಕೆಡುವುದಿಲ್ಲ. ಹಳೇ ಮೈಸೂರು ಕಡೆಯವರಿಗೆ ರೊಟ್ಟಿ ರೂಢಿ ಇಲ್ಲದಿದ್ದರೆ ಕೋಡುಬಳೆ, ನಿಪ್ಪಟ್ಟು, ತಂಬಿಟ್ಟು, ಹುರಿಹಿಟ್ಟು. ಪುಳಿಯೋಗರೆಯನ್ನು ಕಲಸಿ ಒಯ್ಯುವ ಬದಲು ಗೊಜ್ಜನ್ನು ಮಾತ್ರ ಒಯ್ಯಿರಿ. ಹುಣಸೆಹಣ್ಣು, ಎಣ್ಣೆ, ಉಪ್ಪಿನಲ್ಲಿ ಚೆನ್ನಾಗಿ ಕುದ್ದ ಗೊಜ್ಜು ಐದು ದಿನವಿರಲಿ, ವಾರಗಟ್ಟಲೆ ಇರುತ್ತದೆ. ಅನ್ನ ಎಲ್ಲಿಂದ ಬರಬೇಕು? ಹೋಟೆಲಿನಿಂದ. ಯಾವ ಸಣ್ಣ ಹೋಟೆಲಿಗೆ ಹೋದರೂ "ಎರಡು ವೈಟ್ ರೈಸ್ ಪಾರ್ಸಲ್" ಅಂದರೆ ಬಿಸಿ ಅನ್ನ ಕಟ್ಟಿಕೊಡುತ್ತಾರೆ. ಪಕ್ಕದ ನಂದಿನಿ ಬೂತಿನಲ್ಲಿ ಅರ್ಧ ಲೀಟರ್ ಮೊಸರು. ರೂಮಿಗೆ ಬಂದು ಒಂದು ಅನ್ನಕ್ಕೆ ಗೊಜ್ಜು, ಇನ್ನೊಂದಕ್ಕೆ ಮೊಸರು. ಐದು ಜನದ ರಾತ್ರಿ ಊಟ ನೂರೈವತ್ತು ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತದೆ. ಇಷ್ಟಕ್ಕೆ ಬೇಕಾಗುವ ಸಾಮಾನು: ಒಂದು ಅಗಲವಾದ ಸ್ಟೀಲ್ ಡಬ್ಬಿ, ಐದು ತಟ್ಟೆ, ಎರಡು ಚಮಚ, ಹರವಿಕೊಳ್ಳಲು ಹಳೇ ಪೇಪರ್.

ಬುತ್ತಿಯ ತೊಂದರೆ ಎರಡು. ಭಾರ ಒಂದು. ಬಸ್ಸಿನಲ್ಲಿ ಹೋಗುವವರಿಗೆ ಐದು ದಿನದ ಬುತ್ತಿ ಬೇಡ, ರಾತ್ರಿ ಊಟಕ್ಕೆ ಬೇಕಾದ ಗೊಜ್ಜು, ಪುಡಿ ಸಾಕು. ಇನ್ನೊಂದು ಕೋತಿ. ಬಾದಾಮಿಯ ಗುಹೆಗಳ ಮೆಟ್ಟಿಲಲ್ಲಿ, ಹಂಪಿಯ ವಿರೂಪಾಕ್ಷ ಗುಡಿ ಸುತ್ತಮುತ್ತ ಕೈಯಲ್ಲಿ ಕವರ್ ಕಂಡರೆ ಮುಗಿಯಿತು. ನಮ್ಮ ಬಾಳೆಹಣ್ಣಿನ ಚಿಪ್ಪು ಬಾದಾಮಿಯಲ್ಲಿ ಹೋಯಿತು, ಜೊತೆಗೆ ಅದೇ ಕವರಿನಲ್ಲಿದ್ದ ಮಗಳ ಟೋಪಿಯೂ. ಬುತ್ತಿಯನ್ನು ರೂಮಿನಲ್ಲೋ ಗಾಡಿಯಲ್ಲೋ ಬಿಚ್ಚಿ, ಗುಡಿಯ ಮುಂದೆ ಬೇಡ.

ದರ್ಶಿನಿ, ಖಾನಾವಳಿ, ಮೆಸ್

ಬೆಳಗಿನ ತಿಂಡಿಗೆ ನನ್ನ ಓಟು ಸದಾ ಹೋಟೆಲಿಗೇ. ಇಡ್ಲಿ ಹಬೆಯಲ್ಲಿ ಬೆಂದು ಬಿಸಿಯಾಗಿ ತಟ್ಟೆಗೆ ಬರುತ್ತದೆ. ಹೊಟ್ಟೆಗೆ ಇದಕ್ಕಿಂತ ಸುರಕ್ಷಿತ ತಿಂಡಿ ಇನ್ನೊಂದಿಲ್ಲ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಶುರುವಾದ ದರ್ಶಿನಿ ಪದ್ಧತಿ ಈಗ ಸಣ್ಣ ಊರುಗಳಲ್ಲೂ ಇದೆ. ನಿಂತುಕೊಂಡು ತಿನ್ನುವುದು, ಬಡಿಸುವವರಿಲ್ಲ, ಅದಕ್ಕೇ ರೇಟು ಕಡಿಮೆ. ಒಂದೇ ಹೋಟೆಲಿನಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಎಸಿ ಇದ್ದರೆ ಅದೇ ದೋಸೆಗೆ ಎರಡು ರೇಟು ಇರುತ್ತದೆ. ಕೂತ ಮೇಲೆ ಗೊತ್ತಾದರೆ ಏಳೋದು ಕಷ್ಟ, ಅಲ್ವಾ? ಮೊದಲೇ ಕೇಳಿ.

ಹೊಸಪೇಟೆ ಕಡೆ ಹೋದರೆ ಇಡ್ಲಿಯನ್ನೇ ಹುಡುಕಬೇಡಿ. ಅಲ್ಲಿನವರು ಬೆಳಿಗ್ಗೆ ತಿನ್ನುವ ಒಗ್ಗರಣೆ–ಮಿರ್ಚಿ ತಿನ್ನಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು ಹುರಿಗಡಲೆ ಪುಡಿ ಉದುರಿಸಿರುತ್ತಾರೆ. ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ಎತ್ತಿದ ಮೆಣಸಿನಕಾಯಿ ಬಜ್ಜಿ. ಊರವರ ತಿಂಡಿ ಯಾವತ್ತೂ ಟೂರಿಸ್ಟ್ ತಿಂಡಿಗಿಂತ ಅಗ್ಗ. ಎಣ್ಣೆ ಆಗದವರು ಮಿರ್ಚಿ ಬಿಟ್ಟು ಒಗ್ಗರಣೆ ಮಾತ್ರ ತಗೊಳ್ಳಿ.

ಮಧ್ಯಾಹ್ನಕ್ಕೆ ಉತ್ತರ ಕರ್ನಾಟಕದಲ್ಲಿ ಖಾನಾವಳಿಗೆ ಸಾಟಿ ಇಲ್ಲ. ರೊಟ್ಟಿ ಅಥವಾ ಚಪಾತಿ, ಎಣ್ಣೆಗಾಯಿ, ಕಾಳು ಪಲ್ಯ, ಹಸಿ ತರಕಾರಿ, ಶೇಂಗಾ ಚಟ್ನಿ, ಮೊಸರು, ಅನ್ನ, ಸಾರು. ಹೆಚ್ಚಿನ ಕಡೆ ಪಲ್ಯವನ್ನು ಮತ್ತೆ ಮತ್ತೆ ಹಾಕುತ್ತಾರೆ. ನಮಗೆ ತಲೆಗೆ ನೂರು ರೂಪಾಯಿ ಹೆಚ್ಚುಕಮ್ಮಿ ಬಿದ್ದಿದೆ, ಅದೂ ಸಂಜೆಯವರೆಗೆ ಯಾರೂ ಹಸಿವು ಅನ್ನದಷ್ಟು ಊಟ. ಶುಗರ್ ಇರುವವರಿಗೂ ಬಿಳಿ ಅನ್ನದ ರಾಶಿಗಿಂತ ಜೋಳದ ರೊಟ್ಟಿ, ಪಲ್ಯ ಮೇಲು. ನಮ್ಮತ್ತೆಯ ಹೊಟ್ಟೆ, ನನ್ನ ಪರ್ಸು ಎರಡಕ್ಕೂ ಒಪ್ಪಿದ ಊಟ ಇದು. ಮಾಂಸ ತಿನ್ನುವವರಿಗೆ ಹುಬ್ಬಳ್ಳಿ ಕಡೆ ಸಾವಜಿ ಖಾನಾವಳಿ ಇದೆ, ಆದರೆ ಖಾರ ಅಂದರೆ ಖಾರ. ಮಕ್ಕಳಿದ್ದರೆ ಎರಡು ಸಲ ಯೋಚಿಸಿ.

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಖಾನಾವಳಿಯೂ ಬೇಕಾಗುವುದಿಲ್ಲ. ಗುಡಿಯ ಹತ್ತಿರ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. "ಬರ್ರೀ ಅಕ್ಕಾರ, ಊಟ ಮಾಡ್ರಿ" ಅಂತ ಕರೆದು, ಬುಟ್ಟಿಯ ಬಟ್ಟೆ ಸರಿಸಿ, ರೊಟ್ಟಿ ಎತ್ತಿ ಕೈಗಿಡುತ್ತಾರೆ. ಅದರ ಮೇಲೇ ಒಂದು ಮೂಲೆಗೆ ಕಾಳು ಪಲ್ಯ, ಇನ್ನೊಂದು ಮೂಲೆಗೆ ಕೆಂಪು ಚಟ್ನಿ, ನಡುವೆ ಗಟ್ಟಿ ಮೊಸರು. ತಟ್ಟೆಯೂ ರೊಟ್ಟಿಯೇ, ಊಟವೂ ರೊಟ್ಟಿಯೇ. ನನ್ನ ಮಗ ಮನೆಯಲ್ಲಿ ರೊಟ್ಟಿ ಮುಟ್ಟದವನು, ಅಲ್ಲಿ ಎರಡು ತಿಂದ. ಪಟ್ಟದಕಲ್ಲು, ಐಹೊಳೆಯ ಹತ್ತಿರ ಊಟದ ಹೋಟೆಲು ಕಡಿಮೆ. ಆ ಕಡೆ ಹೋಗುವ ದಿನ ಇಲ್ಲೇ ನಾಲ್ಕು ರೊಟ್ಟಿ, ಪಲ್ಯ ಕಟ್ಟಿಸಿಕೊಂಡು ಹೊರಡಿ.

ಹೋಟೆಲಿನಲ್ಲಿ ದುಡ್ಡು ಸೋರುವ ಜಾಗ ಯಾವುದು? ನೋಡುವ ಜಾಗದ ಗೇಟಿಗೆ ಹತ್ತಿರವಿರುವ, ರೇಟ್ ಬೋರ್ಡ್ ಇಲ್ಲದ ಹೋಟೆಲು. ಅಂಥ ಒಂದು ಕಡೆ ನಾವು ಕೇಳದೆ ಕೂತು, ಎರಡು ಫ್ರೈಡ್ ರೈಸ್, ಮೂರು ಊಟಕ್ಕೆ ಕೊಟ್ಟ ದುಡ್ಡಿನಲ್ಲಿ ಮರುದಿನ ಖಾನಾವಳಿಯಲ್ಲಿ ಎರಡು ಹೊತ್ತು ಉಂಡೆವು. ಮಕ್ಕಳಿಗೆ ಫುಲ್ ಮೀಲ್ಸ್ ಬೇಡ, ಪ್ಲೇಟ್ ಮೀಲ್ಸ್ ಅಥವಾ ಬರೀ ಅನ್ನ–ಸಾಂಬಾರು ಸಾಕು. ಕಾಫಿ ಬೈಟೂ ಹೇಳುವುದಕ್ಕೆ ನಾಚಿಕೆ ಬೇಡ, ನಮ್ಮ ರಾಜ್ಯದಲ್ಲಿ ಅದು ಮರ್ಯಾದೆಯ ಪದ್ಧತಿಯೇ.

ದಾಸೋಹ, ಅನ್ನಪ್ರಸಾದ

ಧರ್ಮಸ್ಥಳ, ಹೊರನಾಡು, ಶೃಂಗೇರಿ, ಕುಕ್ಕೆ, ಕೊಲ್ಲೂರು. ಈ ದಾರಿ ಹಿಡಿದವರು ಊಟಕ್ಕೆ ದುಡ್ಡು ಕೊಡದೆಯೇ ಟೂರು ಮುಗಿಸಬಹುದು. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ದಿನಕ್ಕೆ ಸಾವಿರಾರು ಜನ ಉಣ್ಣುತ್ತಾರೆ, ಜಾತಿ–ಧರ್ಮ ಯಾರೂ ಕೇಳುವುದಿಲ್ಲ. ಹೊರನಾಡಿನಲ್ಲಿ ದೇವಿಯ ಹೆಸರೇ ಅನ್ನಪೂರ್ಣೇಶ್ವರಿ. ಊಟ ಮಾಡದೆ ಹೊರಟರೆ ಊರವರೇ ಬೇಜಾರು ಮಾಡಿಕೊಳ್ಳುತ್ತಾರೆ. ಬಿಸಿ ಅನ್ನ, ಸಾರು, ಸಾಂಬಾರು, ಪಾಯಸ, ಮಜ್ಜಿಗೆ. ಅಡುಗೆ ಆಗ್ತಾ ಇದ್ದ ಹಾಗೇ ಖಾಲಿಯಾಗುವುದರಿಂದ ಹಳಸಿದ್ದು ಸಿಗುವ ಭಯ ಇಲ್ಲ.

ಹಾಗಾದರೆ ಇದೇ ಸರಿ, ಬೇರೆ ಯಾಕೆ ಅಂತೀರಾ? ಸಮಯ ನೋಡಿ. ಭಾನುವಾರ, ಸೋಮವಾರ, ಸಾಲು ರಜೆ, ಕಾರ್ತಿಕದ ಲಕ್ಷದೀಪೋತ್ಸವದ ಹೊತ್ತಿಗೆ ಧರ್ಮಸ್ಥಳದಲ್ಲಿ ದರ್ಶನಕ್ಕೊಂದು ಸಾಲು, ಊಟಕ್ಕೊಂದು ಸಾಲು. ನಮ್ಮತ್ತೆಗೆ ಒಂದು ಸಲ ಸಾಲಿನಲ್ಲೇ ಬೆವರಿ ಕೈ ನಡುಗಲು ಶುರುವಾಯಿತು. ಹನ್ನೆರಡಕ್ಕೆ ಊಟ ಅಂದುಕೊಂಡು ಮಾತ್ರೆ ತಗೊಂಡಿದ್ದರು, ಆದರೆ ಒಂದೂವರೆಯಾದರೂ ಎಲೆ ಮುಂದೆ ಕೂತಿರಲಿಲ್ಲ. ಪಕ್ಕದಲ್ಲಿದ್ದ ಯಾರೋ ಪುಣ್ಯಾತ್ಮರು ಬೆಲ್ಲದ ಚೂರು ಕೊಟ್ಟರು. ಶುಗರ್ ಇರುವವರು ಜೊತೆಗಿದ್ದರೆ ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ, ಮಾತ್ರೆಯ ಹೊತ್ತನ್ನು ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಇನ್ನೊಂದು ಮಾತು. ಇದು ಪ್ರಸಾದ, ಬಿಟ್ಟಿ ಹೋಟೆಲಲ್ಲ. ತಟ್ಟೆಯಲ್ಲಿ ಬಿಡದಷ್ಟೇ ಹಾಕಿಸಿಕೊಳ್ಳುವುದು, ಕೈಲಾದಷ್ಟು ಅನ್ನದಾನಕ್ಕೆ ಕೊಟ್ಟು ಬರುವುದು. ನಾವು ಹೋಟೆಲಿನಲ್ಲಿ ಉಂಡಿದ್ದರೆ ಆಗುತ್ತಿದ್ದ ಖರ್ಚಿನ ಅರ್ಧದಷ್ಟನ್ನು ಕೌಂಟರಿನಲ್ಲಿ ಕೊಟ್ಟು ರಸೀದಿ ತಗೊಳ್ಳುತ್ತೇವೆ. ಆದರೂ ಅಗ್ಗವೇ.

ಮಲೆನಾಡಿನ ದಾರಿಯಲ್ಲಿ ಬೆಳಗಿನ ತಿಂಡಿಗೆ ಮಾತ್ರ ಹೋಟೆಲ್ ಇಟ್ಟುಕೊಳ್ಳಿ. ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವುದು ಯಾವ ಉಳಿತಾಯವೂ ಅಲ್ಲ.

ಇಂದಿರಾ ಕ್ಯಾಂಟೀನ್

ಸರ್ಕಾರದ ಈ ಅಗ್ಗದ ಕ್ಯಾಂಟೀನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಬೇರೆ ಊರುಗಳಿಗೂ ಬಂತು. ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ದುಡ್ಡಿನ ಲೆಕ್ಕದಲ್ಲಿ ಇದಕ್ಕೆ ಎದುರಾಳಿಯೇ ಇಲ್ಲ. ಆದರೆ ಹೊತ್ತಿಗೆ ಇಷ್ಟೇ ತಟ್ಟೆ ಅಂತ ಮಿತಿ ಇರುತ್ತದೆ, ಮುಗಿದರೆ ಮುಗಿಯಿತು. ಕೂಲಿ ಮಾಡುವವರು, ಆಟೋದವರು, ಆಸ್ಪತ್ರೆಗೆ ಬಂದವರು ಅದನ್ನೇ ನಂಬಿಕೊಂಡಿರುತ್ತಾರೆ. ಕಾರಿನಲ್ಲಿ ಬಂದು ಐದು ಟೋಕನ್ ತಗೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬರೇ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳಾದರೆ ಧಾರಾಳವಾಗಿ ಹೋಗಿ.

ರೂಮಿನಲ್ಲಿ ಕೆಟಲ್

ಇದರ ಮೇಲೆ ಜನಕ್ಕೆ ಆಸೆ ಜಾಸ್ತಿ. ಬಿಸಿನೀರು ಸುರಿದರೆ ಉಪ್ಪಿಟ್ಟು, ಬಿಸಿನೀರು ಸುರಿದರೆ ನೂಡಲ್ಸ್ ಅಂತ. ನಿಜ ಹೇಳಬೇಕೆಂದರೆ, ಐದು ಜನರ ಕುಟುಂಬಕ್ಕೆ ಇದರಿಂದ ಉಳಿತಾಯ ಏನೂ ಇಲ್ಲ. ಕಪ್ಪಿನಲ್ಲಿ ಬರುವ ಸಿದ್ಧ ಉಪ್ಪಿಟ್ಟಿನ ಬೆಲೆಗೆ ಇನ್ನೊಂದಿಷ್ಟು ಸೇರಿಸಿದರೆ ಸಣ್ಣ ಊರಿನಲ್ಲಿ ಬಿಸಿ ಇಡ್ಲಿಯೇ ಸಿಗುತ್ತದೆ. ಅದೂ ಅಲ್ಲದೆ ಕಪ್ಪಿನಲ್ಲಿ ಬರುವುದು ನಾಲ್ಕು ತುತ್ತು. ಎಷ್ಟೋ ಲಾಡ್ಜ್‌ಗಳಲ್ಲಿ ಕೆಟಲ್ ಬಳಸಲು ಬಿಡುವುದಿಲ್ಲ. ರೈಲಿನ ಚಾರ್ಜಿಂಗ್ ಪಾಯಿಂಟಿಗೆ ಸಿಕ್ಕಿಸುವುದಂತೂ ಅಪರಾಧ, ಬೆಂಕಿಯ ಅಪಾಯ ಬೇರೆ.

ಕೆಟಲ್ ಒಯ್ದದ್ದು ಸಾರ್ಥಕ ಆಗುವುದು ಎರಡೇ ಸಂದರ್ಭದಲ್ಲಿ. ಚಿಕ್ಕ ಮಗುವಿಗೆ ಹಾಲು, ರಾಗಿ ಸರಿಗೆ ಬಿಸಿನೀರು ಬೇಕಾದಾಗ. ಅಥವಾ ಬೆಳಗ್ಗೆ ಐದಕ್ಕೆ ಕಾಫಿ ಇಲ್ಲದೆ ಕಣ್ಣೇ ಬಿಡದ ಹಿರಿಯರು ಇದ್ದಾಗ. ಎರಡಕ್ಕೂ ನಂದಿನಿ ಗುಡ್‌ಲೈಫ್ ಹಾಲಿನ ಪ್ಯಾಕೆಟ್ ಅನುಕೂಲ. ತೆರೆಯುವ ತನಕ ಫ್ರಿಜ್ ಬೇಡ. ತೆರೆದ ಮೇಲೆ ಉಳಿಸಬೇಡಿ, ಅದಕ್ಕೇ ಚಿಕ್ಕ ಪ್ಯಾಕೆಟ್ಟನ್ನೇ ತಗೊಳ್ಳಿ.

ಕೆಟಲ್ ಇಲ್ಲದೆಯೂ ರೂಮಿನಲ್ಲಿ ತಿಂಡಿ ಆಗುತ್ತದೆ. ತೆಳು ಅವಲಕ್ಕಿಗೆ ಮೊಸರು, ಉಪ್ಪು, ಚಟ್ನಿ ಪುಡಿ ಕಲಸಿ ಐದು ನಿಮಿಷ ಬಿಟ್ಟರೆ ಸಾಕು. ಬೆಲ್ಲ, ಬಾಳೆಹಣ್ಣು ಕಿವುಚಿ ಹಾಕಿದರೆ ಮಕ್ಕಳಿಗೆ ಸಿಹಿ ಅವಲಕ್ಕಿ. ಹುರಿಹಿಟ್ಟಿಗೆ ಮಜ್ಜಿಗೆ ಸುರಿದರೂ ಆಯಿತು. ಒಲೆ ಇಲ್ಲ, ಪ್ಲಗ್ಗೂ ಬೇಡ. ಹೋಟೆಲಿನವರು ತಡವಾಗಿ ಬಾಗಿಲು ತೆಗೆಯುವ ಊರಲ್ಲಿ, ಬೆಳಗಿನ ಆರರ ಬಸ್ಸಿಗೆ ಓಡುವವರಿಗೆ ಇದು ಚಿನ್ನ.

ತಿಂಡಿ ಸೇರಿದ ರೂಮು, ರೈಲಿನ ಊಟ

"ಬ್ರೇಕ್‌ಫಾಸ್ಟ್ ಫ್ರೀ" ಅಂತ ಇದ್ದರೆ, ಅದಿಲ್ಲದ ರೂಮಿಗೂ ಇದಕ್ಕೂ ವ್ಯತ್ಯಾಸ ಎಷ್ಟು ಅಂತ ನೋಡಿ ಜನದಿಂದ ಭಾಗಿಸಿ. ತಲೆಗೆ ಅರವತ್ತು ಎಪ್ಪತ್ತರ ಒಳಗೆ ಬಂದರೆ ತಗೊಳ್ಳಿ. ಇನ್ನೂರು ಬಂದರೆ ಬಿಡಿ. ಹೆಚ್ಚಾಗಿ ಇಬ್ಬರಿಗೆ ಮಾತ್ರ ಉಚಿತ ಇರುತ್ತದೆ, ಮಕ್ಕಳಿಗೆ ಬೇರೆ ಚಾರ್ಜ್. ಅದನ್ನು ಬುಕ್ ಮಾಡುವಾಗಲೇ ಕೇಳಿ.

ರೈಲಿನಲ್ಲಿ ಹೋಗುವವರಿಗೆ ಹೊರಟ ರಾತ್ರಿಯ ಬುತ್ತಿಯೇ ಸಾಕು. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಚಪಾತಿ ತಿಂದು ಮಲಗಿ ಎದ್ದಾಗ ಹೊಸಪೇಟೆ. ಉದ್ದ ದಾರಿಯಾದರೆ, 2023ರಲ್ಲಿ ರೈಲ್ವೆ ಶುರು ಮಾಡಿದ 20 ರೂಪಾಯಿಯ ಪೂರಿ–ಆಲೂಗಡ್ಡೆ ಪಲ್ಯದ ಪೊಟ್ಟಣ ಕೆಲವು ನಿಲ್ದಾಣಗಳಲ್ಲಿ ಜನರಲ್ ಬೋಗಿ ನಿಲ್ಲುವ ಕಡೆ ಸಿಗುತ್ತದೆ.

ನೀರು: ಎಲ್ಲರೂ ಮರೆಯುವ ಖರ್ಚು

ಬೇಸಿಗೆಯಲ್ಲಿ ಹಂಪಿ ಸುತ್ತುವ ಐದು ಜನಕ್ಕೆ ದಿನಕ್ಕೆ ಹನ್ನೆರಡು ಲೀಟರಾದರೂ ನೀರು ಬೇಕು. ಲೀಟರಿಗೆ ಇಪ್ಪತ್ತು ರೂಪಾಯಿಯ ಬಾಟಲಾದರೆ 240 ರೂಪಾಯಿ, ಐದು ದಿನಕ್ಕೆ 1,200. ನಮ್ಮ ಮೊದಲ ಟೂರಿನ ಪುಸ್ತಕದಲ್ಲಿ ನೀರಿನ ಖರ್ಚು ಒಂದು ದಿನದ ಊಟದ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಇತ್ತು. ಈಗ ಗಾಡಿಯಲ್ಲಿ ಒಂದು ಕ್ಯಾನ್ ಇರುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಹೆಚ್ಚಿನ ಕಡೆ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಚಿಲ್ಲರೆ ನಾಣ್ಯ ಮನೆಯಿಂದಲೇ ಕೂಡಿಟ್ಟುಕೊಂಡು ಹೋಗಿ, ಅಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಬಸ್ಸಿನವರು ಪ್ರತಿ ಸಲ ಹೋಟೆಲಿನಲ್ಲಿ ಉಂಡು ಏಳುವಾಗ ಫಿಲ್ಟರ್ ನೀರು ಇದೆಯಾ ಅಂತ ಕೇಳಿ ಬಾಟಲ್ ತುಂಬಿಸಿಕೊಳ್ಳಿ.

ನಿಮಗೆ ಯಾವುದು

ನಮ್ಮ ಪುಸ್ತಕದ ಎರಡು ಪುಟ ಹೇಳುತ್ತೇನೆ. ಮೂರೂ ಹೊತ್ತು ಹೋಟೆಲೇ ಅಂತ ಹೋದ ವರ್ಷ ಐದು ಜನಕ್ಕೆ ದಿನಕ್ಕೆ 2,300 ರೂಪಾಯಿ ಆಸುಪಾಸು. ಮುಂದಿನ ಸಲ ಅದೇ ದಾರಿಯಲ್ಲಿ ಬೆಳಿಗ್ಗೆ ತಿಂಡಿ, ಕಾಫಿಗೆ 310, ಖಾನಾವಳಿಗೆ 500, ರಾತ್ರಿ ಅನ್ನ–ಮೊಸರಿಗೆ 160, ಹಣ್ಣಿಗೆ 100, ಸಂಜೆಯ ಟೀ, ಮಂಡಕ್ಕಿಗೆ 150. ಒಟ್ಟು 1,220. ಉಪವಾಸ ಯಾರೂ ಇರಲಿಲ್ಲ.

ಹಂಪಿ–ಬಾದಾಮಿಗೆ ಕುಟುಂಬದ ಜೊತೆ ಹೋಗುವವರು ಇದನ್ನೇ ಹಿಡಿಯಿರಿ. ಬೆಳಿಗ್ಗೆ ಊರವರ ತಿಂಡಿ, ಮಧ್ಯಾಹ್ನ ಹನ್ನೆರಡೂವರೆಗೇ ಖಾನಾವಳಿ, ರಾತ್ರಿ ರೂಮಿನಲ್ಲಿ ಗೊಜ್ಜು, ಮೊಸರು. ರೂಮನ್ನು ಹೊಸಪೇಟೆಯಲ್ಲಿ ಮಾಡಿದರೆ ಹಂಪಿಗೆ 13 ಕಿಲೋಮೀಟರ್ ಬಸ್ಸಿನಲ್ಲಿ ಓಡಾಡಬೇಕು, ಆದರೆ ಊಟದ ಆಯ್ಕೆ ಜಾಸ್ತಿ, ರೇಟು ಕಡಿಮೆ. ಹಂಪಿಯಲ್ಲೇ ಉಳಿದರೆ ರಾತ್ರಿಯ ಬುತ್ತಿ ಸಾಮಾನು ಇರಲೇಬೇಕು.

ದೇವಸ್ಥಾನಗಳ ದಾರಿಗೆ ಬುತ್ತಿಯ ಭಾರ ಬೇಡ. ಮಧ್ಯಾಹ್ನ ಪ್ರಸಾದ, ರಾತ್ರಿ ಉಳಿದ ಕ್ಷೇತ್ರದಲ್ಲೇ ಪ್ರಸಾದ. ಬ್ಯಾಗಿನಲ್ಲಿ ಕೋಡುಬಳೆ, ಹುರಿಗಡಲೆ, ಬಾಳೆಹಣ್ಣು ಮಾತ್ರ, ಅದು ಸಾಲಿನಲ್ಲಿ ನಿಂತಾಗಿನ ಹಸಿವಿಗೆ. ವಾರದ ನಡುವೆ ಹೋಗಲು ಆಗದಿದ್ದರೆ ಹಿರಿಯರಿಗೆ ಮಾತ್ರ ಮೊದಲೇ ಹೋಟೆಲಿನಲ್ಲಿ ಉಣ್ಣಿಸಿ, ನೀವು ಸಾಲಿನಲ್ಲಿ ನಿಲ್ಲಿ.

ಕೈಯಲ್ಲಿ ಸ್ವಲ್ಪ ದುಡ್ಡಿದೆ, ರಜೆಯಲ್ಲಿ ಡಬ್ಬಿ ತೊಳೆಯೋ ಕೆಲಸ ನನಗೆ ಬೇಡ ಅನ್ನುವ ಗೃಹಿಣಿಯರಿಗೆ ನನ್ನ ಪೂರ್ತಿ ಬೆಂಬಲ. ನೀವು ಮೂರು ಹೊತ್ತೂ ಹೋಟೆಲಿಗೇ ಹೋಗಿ, ನೀರಿನ ಕ್ಯಾನ್ ಒಂದನ್ನು ಇಟ್ಟುಕೊಳ್ಳಿ, ಗೇಟಿನ ಹತ್ತಿರ ಮಾತ್ರ ಉಣ್ಣಬೇಡಿ. ಅಷ್ಟಕ್ಕೇ ಖರ್ಚು ಎಷ್ಟೋ ಇಳಿಯುತ್ತದೆ. ಡಬ್ಬಿ ಒಯ್ದರೆ ತೊಳೆಯುವ ಕೆಲಸವನ್ನು ಯಾರು ಮಾಡುವುದು ಅಂತ ಮನೆಯಲ್ಲೇ ತೀರ್ಮಾನ ಆಗಲಿ. ನಮ್ಮಲ್ಲಿ ಅದು ನಮ್ಮನೆಯವರ ಪಾಲು. ಲಾಡ್ಜಿನ ಬಾತ್‌ರೂಮಿನ ನಲ್ಲಿ ಕೆಳಗೆ ಐದು ತಟ್ಟೆ, ಒಂದು ಡಬ್ಬಿ. ಸೋಪಿನ ತುಂಡು, ಸ್ಕ್ರಬ್ಬರ್ ಅವರೇ ಮರೆಯದೆ ಹಾಕಿಕೊಳ್ಳುತ್ತಾರೆ.